ಬಂಗುಡೆಯೂ ಭೂತಾಯಿಯೂ

ಕಡಲನ್ನು ಕಾಣದೆ ಅರವತ್ತೆರಡು ವರ್ಷ ಕಳೆಯುವುದು ನಮ್ಮ ದೇವದುರ್ಗದ ಕಡೆ ಆಶ್ಚರ್ಯದ ಮಾತಲ್ಲ. ನಮಗೆ ನೀರೆಂದರೆ ಕೃಷ್ಣೆ. ತಾಲ್ಲೂಕಿನ ಉತ್ತರದ ಅಂಚನ್ನು ಸವರಿಕೊಂಡು ಅವಳು ಹೋಗುತ್ತಾಳೆ. ದಕ್ಷಿಣಕ್ಕೆ, ಮಾನ್ವಿಯ ಆಚೆಗೆ ತುಂಗಭದ್ರೆ. ಹಳಬರು ಈ ಸೀಮೆಯನ್ನು ಎಡೆದೊರೆ ನಾಡು ಎಂದು ಕರೆದರು. ಎರಡು ಹೊಳೆಗಳ ನಡುವೆ ಕೂತು ಬಾಯಾರಿದವರು ಎಂಬ ಕೀರ್ತಿಯನ್ನು ನಾವು ಬಹುಕಾಲ ಕಾಪಾಡಿಕೊಂಡು ಬಂದೆವು. ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೆ ಅದು ಸ್ವಲ್ಪ ಮಾಸಿತು. ಮೀನೆಂದರೂ ನಮಗೆ ಹೊಳೆಯ ಮೀನೇ. ಹುಣಸೆಹುಳಿ ಹಿಂಡಿ, ಕೆಂಪುಖಾರ ಹಾಕಿ ಕುದಿಸಿದ ಸಾರು, ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ. ಸಮುದ್ರದ ಮೀನು ಎಂಬುದೊಂದು ಬೇರೆ ಇದೆ ಎಂದು ಕೇಳಿ ಬಲ್ಲೆವು. ಉಪ್ಪುನೀರಿನಲ್ಲಿಯೇ ಹುಟ್ಟಿ ಬೆಳೆಯುವುದರಿಂದ ಅದಕ್ಕೆ ಬೇರೆ ಉಪ್ಪು ಹಾಕಬೇಕಾಗಿಲ್ಲ ಎಂದು ನಮ್ಮ ಅಣ್ಣ ಬಹಳ ವರ್ಷ ನಂಬಿದ್ದ.

ಕರಾವಳಿಯನ್ನು ನಾವು ಮೊದಲು ಕಂಡದ್ದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ. ಆ ಕಡೆಯಿಂದ ಬಂದು, ನಮ್ಮ ಬಿಸಿಲಿನಲ್ಲಿ ಬೆವರುತ್ತ, ನಮಗೆ ಇಡ್ಲಿ ಸಾಂಬಾರಿನ ದೀಕ್ಷೆ ಕೊಟ್ಟ ಆ ಜನರನ್ನು ನೋಡಿ, ಕರಾವಳಿಯವರೆಲ್ಲರೂ ತೆಂಗಿನ ಚಟ್ನಿಯಲ್ಲಿ ಜೀವ ಹಿಡಿದಿರುವ ಸಾತ್ವಿಕರೆಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದಿಗೆ ಸೇರಿತ್ತು, ಮಂಗಳೂರು ಮದರಾಸಿಗೆ. ಒಂದೇ ರಾಜ್ಯವಾಗಿ ಇಷ್ಟು ವರ್ಷವಾದರೂ ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಬಗ್ಗಿ ನೋಡುವುದು ಇನ್ನೂ ಪೂರ್ತಿಯಾಗಿ ಆಗಿಲ್ಲವೆಂದೇ ನನ್ನ ಅಭಿಪ್ರಾಯ.

2024ರ ಏಪ್ರಿಲಿನಲ್ಲಿ ಅಣ್ಣನನ್ನು ಕರೆದುಕೊಂಡು ಎರಡು ದಿನದ ಮಟ್ಟಿಗೆ ನಾನು ಮಂಗಳೂರಿಗೆ ಹೊರಟೆ. "ಕಡಲು ನೋಡಿ, ಮೀನು ತಿಂದು ಬರೋಣ" ಎಂದು ಅವನಿಗೆ ಹೇಳಿದೆ. ಮನೆಯವರಿಗೂ ಹಾಗೆಯೇ ಹೇಳಿದೆ. ಓದುಗರಿಗೆ ಮಾತ್ರ ನಿಜ ಹೇಳಬೇಕಲ್ಲವೇ?

ನಿಜವೇನೆಂದರೆ, ನಮ್ಮದು ಒಂಬತ್ತು ಎಕರೆ ಎರೆ ಹೊಲ. ಅಪ್ಪ ತೀರಿಕೊಂಡ ಮೇಲೆ ಅದು ಪಾಲಾಗಲಿಲ್ಲ. ಅಣ್ಣ ಉತ್ತ, ಬಿತ್ತಿದ, ಬೆಳೆದ. ನಾನು ರಾಯಚೂರಿನಲ್ಲಿ ಗುಮಾಸ್ತಿಕೆ ಮಾಡಿದೆ, ವರ್ಷಕ್ಕೊಮ್ಮೆ ಎಳ್ಳಮಾಸಿಗೆ ಊರಿಗೆ ಹೋಗಿ ಹೊಲದಲ್ಲಿ ಊಟ ಮಾಡಿ, ಜೋಳದ ಚೀಲ ಮತ್ತು ಖಾರದ ಡಬ್ಬಿ ಹೊತ್ತು ಬಂದೆ. ಈಗ ರಾಯಚೂರಿನಲ್ಲಿ ನಾನು ಕಟ್ಟಿಸತೊಡಗಿದ ಮನೆ ಸ್ಲಾಬಿನವರೆಗೆ ಬಂದು ನಿಂತಿತ್ತು. ನಿವೃತ್ತಿಗೆ ಉಳಿದದ್ದು ಎರಡು ವರ್ಷ. ಕೈಯಲ್ಲಿದ್ದ ಹಣವೆಲ್ಲ ಗೋಡೆಯಾಗಿ, ಗೋಡೆಗಳು ಬಿಸಿಲು ಕಾಯುತ್ತಿದ್ದವು. ಹೊಲದ ನನ್ನ ಅರ್ಧ ಪಾಲಿಗೆ ಗಿರಾಕಿ ಬಂದಿದ್ದ. ಮಾರಬೇಕಾದರೆ ಪಾಲಾಗಬೇಕು, ಪಾಲಾಗಬೇಕಾದರೆ ಅಣ್ಣನ ರುಜು ಬೇಕು. ಊರಿನ ಕಟ್ಟೆಯ ಮೇಲೆ ಈ ಮಾತು ಎತ್ತಲು ನನಗೆ ನಾಲಿಗೆ ಬರಲಿಲ್ಲ. ಬೇರೆ ಊರಿನಲ್ಲಿ, ಹೊಟ್ಟೆ ತುಂಬಿದ ಹೊತ್ತಿನಲ್ಲಿ, ತೆರೆಗಳ ಸದ್ದಿನ ನಡುವೆ ಹೇಳಿದರೆ ಹಗುರಾಗಬಹುದೆಂದು ಲೆಕ್ಕ ಹಾಕಿದೆ. ಕರಾರಿನ ಕರಡೊಂದು ನನ್ನ ಚೀಲದ ತಳದಲ್ಲಿ, ಮಡಚಿದ ಪಂಚೆಯ ಕೆಳಗೆ ಇತ್ತು. ಗಾಳಕ್ಕೆ ಎರೆ ಸಿಕ್ಕಿಸುವ ಕೆಲಸ ಮೀನುಗಾರನದೊಂದೇ ಅಲ್ಲ.

ಇನ್ನೊಂದು ಮಾತು. ಆ ವರ್ಷ ಮೆಣಸಿನಕಾಯಿ ಕೆಟ್ಟಿತ್ತು. ಬೆಳೆ ಕೆಟ್ಟದ್ದಲ್ಲ, ದರ ಕೆಟ್ಟದ್ದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರ ಒಮ್ಮೆಗೇ ಕುಸಿದು, ರೈತರು ರೊಚ್ಚಿಗೆದ್ದು, ವಾಹನಗಳಿಗೆ ಬೆಂಕಿ ಬಿದ್ದ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ಅಣ್ಣನ ಚೀಲಗಳು ಅದೇ ವಾರ ಲಾರಿ ಹತ್ತಬೇಕಾಗಿದ್ದವು. ಅವನು ಅವನ್ನು ಇಳಿಸಿ ಕೋಲ್ಡ್ ಸ್ಟೋರೇಜಿಗೆ ಹಾಕಿದ. ಅಂಥ ಸಮಯದಲ್ಲಿ ನಾನು ಪಾಲು ಕೇಳಲು ಹೊರಟಿದ್ದೆ. ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಲಿಂಗಸೂಗೂರು, ಕುಷ್ಟಗಿ, ಗದಗ ದಾಟಿ ಹುಬ್ಬಳ್ಳಿ ಸೇರಿ, ಅಲ್ಲಿಂದ ರಾತ್ರಿಯ ಬಸ್ಸು ಹಿಡಿದೆವು. ಅಣ್ಣನ ಬಳಿ ಒಂದು ಬಟ್ಟೆಯ ಗಂಟು. ಅದರಲ್ಲಿ ಕಟಕ ಜೋಳದ ರೊಟ್ಟಿ ಇಪ್ಪತ್ತು, ಶೇಂಗಾ ಹಿಂಡಿ ಒಂದು ಡಬ್ಬಿ, ಉಳ್ಳಾಗಡ್ಡಿ ನಾಲ್ಕು. ಹೋಟೆಲುಗಳಿಗೆಂದೇ ಹೋಗುತ್ತಿರುವಾಗ ಇದೇಕೆ ಎಂದರೆ, "ಹೋಟ್ಲು ಮುಚ್ಚಿದ್ರ?" ಎಂದ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ನಾನು ನಿದ್ದೆ ಹೋಗಿದ್ದೆ. ಅಣ್ಣ ಕಿಟಕಿಗೆ ಹಣೆ ಹಚ್ಚಿಕೊಂಡು ಎಚ್ಚರವಾಗಿಯೇ ಇದ್ದನಂತೆ. ಬೆಳಗ್ಗೆ ಉಡುಪಿಯ ಹತ್ತಿರ ನನ್ನನ್ನು ತಟ್ಟಿ ಎಬ್ಬಿಸಿ, "ತಮ್ಮಾ, ಇಲ್ಲಿ ಮಣ್ಣೇ ಕಾಣಂಗಿಲ್ಲಲ್ಲೋ, ಬರೇ ಹಸರ" ಎಂದು ಆಕ್ಷೇಪಣೆಯ ದನಿಯಲ್ಲಿ ಹೇಳಿದ.

ಮಂಗಳೂರಿನ ಬಿಸಿಲನ್ನು ಕುರಿತು ಒಂದು ಮಾತು ಹೇಳದಿದ್ದರೆ ರಾಯಚೂರಿನವನಾಗಿ ನಾನು ಕರ್ತವ್ಯಚ್ಯುತನಾಗುತ್ತೇನೆ. ನಮ್ಮ ಬಿಸಿಲು ಎದುರಿಗೆ ನಿಂತು ಹೊಡೆಯುವ ಬಿಸಿಲು. ಅಲ್ಲಿಯದು ಒದ್ದೆ ಕಂಬಳಿಯಂತೆ ಮೈಗೆ ಸುತ್ತಿಕೊಳ್ಳುವ ಬಿಸಿಲು. ಹನ್ನೊಂದು ಗಂಟೆಗೆಲ್ಲ ಅಣ್ಣನ ಅಂಗಿ ಮೈಗೆ ಅಂಟಿತ್ತು. ಪಟಕದ ತುದಿಯನ್ನು ಹಿಂಡಿದರೆ ನೀರು ಬರುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಹಳೆಯ ಬಂದರಿನ ಕಡೆ ಹೋದೆವು. ಅಲ್ಲಿಯ ಓಣಿಗಳಲ್ಲಿ ಹೆಸರು ಮಾಡಿದ ಊಟದ ಮನೆಗಳಿವೆ. ನಾವು ಹೊಕ್ಕದ್ದರ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹ ಜಾಹೀರಾತಾಗುತ್ತದೆ, ಮೇಲಾಗಿ ಅಲ್ಲಿ ಈಗಾಗಲೇ ನಿಲ್ಲಲು ಸ್ಥಳವಿಲ್ಲ. ಉಣ್ಣುವವರ ಬೆನ್ನ ಹಿಂದೆ ಉಣ್ಣಬೇಕಾದವರು ನಿಂತಿರುತ್ತಾರೆ. ನಿಧಾನವಾಗಿ ಅಗಿಯುವವನಿಗೆ ಅದು ತಕ್ಕ ಸ್ಥಳವಲ್ಲ. ಅಂತೂ ಒಂದು ಮೇಜಿನ ಮೂಲೆ ಸಿಕ್ಕಿತು. ಮಾಣಿ ಬಂದು ಒಂದೇ ಉಸಿರಿಗೆ, "ಬಂಗುಡೆ ಉಂಟು, ಅಂಜಲ್ ಉಂಟು, ಮಾಂಜಿ ಉಂಟು, ಕಾಣೆ ಉಂಟು, ಎಂತ ಕೊಡ್ಲಿ?" ಎಂದ.

ಅಣ್ಣ ನನ್ನ ಮುಖ ನೋಡಿದ. "ಉಂಟು ಅಂದ್ರ ಐತಿ ಅಂತೇನು?"

"ಹೌದು."

"ಕಾಣೆ ಐತಿ ಅಂದ್ರ? ಕಾಣಂಗಿಲ್ಲ ಅಂತನೋ, ಐತಿ ಅಂತನೋ?"

ಕಾಣೆ ಎಂಬುದು ಒಂದು ಮೀನಿನ ಹೆಸರೆಂದು ಮಾಣಿ ಬಹಳ ತಾಳ್ಮೆಯಿಂದ ತಿಳಿಸಿದ. ಉದ್ದಕ್ಕೆ, ತೆಳ್ಳಗೆ, ಬಿಳಿಯ ಮಾಂಸದ ನಯವಾದ ಮೀನು. ರವೆಯಲ್ಲಿ ಹೊರಳಿಸಿ ಕರಿಯುತ್ತಾರೆ. ಅಷ್ಟರಲ್ಲಿ ಗೋಡೆಯ ಮೇಲಿನ ಹಲಗೆಯನ್ನು ಅಕ್ಷರ ಕೂಡಿಸಿ ಓದುತ್ತಿದ್ದ ಅಣ್ಣನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹಲಗೆಯಲ್ಲಿ "ಭೂತಾಯಿ ಫ್ರೈ" ಎಂದು ಬರೆದಿತ್ತು.

"ಇದೇನಿದು?" ಎಂದ. ದನಿಯಲ್ಲಿ ನಗೆಯಿರಲಿಲ್ಲ.

ಓದುಗರಲ್ಲಿ ಕರಾವಳಿಯವರು ನಗಬಾರದು. ಬೂತಾಯಿ ಎಂದರೆ ಅವರಿಗೆ ಒಂದು ಗೇಣಿಗಿಂತ ಚಿಕ್ಕದಾದ, ಬೆಳ್ಳಿಯ ಬಣ್ಣದ, ಎಣ್ಣೆ ತುಂಬಿದ ಮೀನು. ಕಾರವಾರದ ಕಡೆ ಅದನ್ನೇ ತಾರ್ಲೆ ಎನ್ನುತ್ತಾರೆ. ಆದರೆ ಬರೆಯುವಾಗ ಅದು ಎಷ್ಟೋ ಕಡೆ ಭೂತಾಯಿಯಾಗುತ್ತದೆ. ನಮಗೆ ಭೂತಾಯಿ ಎಂದರೆ ಬೇರೆ. ಎಳ್ಳಮಾಸಿಯ ದಿನ ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಸಜ್ಜಿ ರೊಟ್ಟಿ, ಕಡುಬು, ಪಲ್ಯೆಗಳನ್ನೆಲ್ಲ ಕಲಸಿ, ಬೆಳೆಯ ನಡುವೆ ನಡೆಯುತ್ತ ನಾಲ್ಕು ದಿಕ್ಕಿಗೆ ಚರಗ ಚೆಲ್ಲುವುದು ಆ ತಾಯಿಗೆ. ಅಣ್ಣ ಹುಡುಗನಾಗಿದ್ದಾಗಿನಿಂದ ಅಪ್ಪನ ಹಿಂದೆ ಚರಗ ಚೆಲ್ಲಿದವನು. "ಭೂತಾಯಿನ್ನ ಕರದು ತಿಂತಾರೇನೋ ಇವರು!" ಎಂದು ಅವನು ಗಟ್ಟಿಯಾಗಿ ಕೇಳಿದಾಗ ಎದುರಿಗಿದ್ದವರು ಊಟ ನಿಲ್ಲಿಸಿ ನೋಡಿದರು. ನನಗೆ ಮಾತ್ರ, ಅನ್ನ ಇನ್ನೂ ಬಡಿಸದಿದ್ದರೂ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಕರಿದು ತಿನ್ನುವವರು ಹಾಗಿರಲಿ; ಎಕರೆಗಿಷ್ಟು ಎಂದು ಕಾಗದ ಬರೆಸಿಕೊಂಡು ಬಂದವನು ಅವನ ಪಕ್ಕದಲ್ಲಿಯೇ ಕೂತಿದ್ದ.

ಭೂತಾಯಿಯನ್ನು ಬಿಟ್ಟು ಬಂಗುಡೆ ಹೇಳಿದೆವು, ಒಂದು ಅಂಜಲ್ ತುಂಡು ಹೇಳಿದೆವು. ಕುಚ್ಚಲಕ್ಕಿಯ ಅನ್ನ ಬಂತು. ದಪ್ಪ, ಕೆಂಪು ಗೆರೆಯ ಅಗುಳು. ಅಣ್ಣ ಅದನ್ನು ಒಂದೊಂದಾಗಿ ಒತ್ತಿ ನೋಡಿ, ಬೆಂದಿಲ್ಲವೆಂದು ತೀರ್ಪು ಕೊಟ್ಟ. ಮಾನ್ವಿ, ಸಿಂಧನೂರಿನ ಸೋನಾಮಸೂರಿ ಉಂಡು ರೂಢಿಯಾದ ನಾಲಿಗೆಗೆ ಅದು ಒಗ್ಗಲು ನಾಲ್ಕು ತುತ್ತು ಬೇಕು. ಐದನೆಯ ತುತ್ತಿನಿಂದ ಬಿಡಲಾಗುವುದಿಲ್ಲ. ಆಮೇಲೆ ಬಂಗುಡೆ ಬಂತು. ಇಡೀ ಮೀನು, ಎರಡು ಮಗ್ಗುಲಿಗೂ ಓರೆಯಾಗಿ ಕಚ್ಚು ಹಾಕಿ, ಆ ಕಚ್ಚುಗಳೊಳಗೆಲ್ಲ ಕೆಂಪು ಮಸಾಲೆ ತುಂಬಿ, ಹಂಚಿನ ಮೇಲೆ ಕಾಯಿಸಿದ್ದು. ಅಂಚು ಕರಿಕಾಗಿತ್ತು. ತೆಂಗಿನೆಣ್ಣೆಯ ಪರಿಮಳ ಮುಂದೆ, ಹುಳಿ ಅದರ ಹಿಂದೆ, ಖಾರ ಎಲ್ಲಕ್ಕಿಂತ ಕೊನೆಗೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವ ನೆಂಟನಂತೆ ಮೆಲ್ಲಗೆ ಬಂತು. ನಾನು ಕಣ್ಣು ಮುಚ್ಚಿದೆ. ಹೊಳೆಯ ಮೀನಿನ ಮುಳ್ಳು ಹುಡುಕುವುದರಲ್ಲಿಯೇ ಅರ್ಧ ಆಯುಷ್ಯ ಕಳೆದವರಿಗೆ ಬಂಗುಡೆ ಒಂದು ಔದಾರ್ಯ: ನಡುಮುಳ್ಳನ್ನು ಹಿಡಿದೆತ್ತಿದರೆ ಮಾಂಸ ತಾನೇ ಬಿಟ್ಟುಕೊಡುತ್ತದೆ.

ಕಣ್ಣು ತೆರೆದಾಗ ಅಣ್ಣ ಮೀನು ತಿನ್ನುತ್ತಿರಲಿಲ್ಲ. ಮಸಾಲೆಯನ್ನು ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ತಿಕ್ಕಿ, ನಾಲಿಗೆಗೆ ಹಚ್ಚಿ, ಸುಮ್ಮನೆ ಕೂತ. ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನವನ್ನು ಅಕ್ಕಸಾಲಿ ಹಾಗೆ ನೋಡುತ್ತಾನೆ. ಆಮೇಲೆ, "ತಮ್ಮಾ, ಇದು ನಮ್ಮ ಕಾಯಿ" ಎಂದ.

ಎದ್ದು ಕೈ ತೊಳೆದು ಬಿಲ್ಲು ಕೊಡುವಾಗ ಗಲ್ಲಾದ ಯಜಮಾನರನ್ನು ನೇರವಾಗಿ ಕೇಳಿಯೇ ಬಿಟ್ಟ: "ಖಾರ ಎಲ್ಲಿದು ರೀ?"

"ಬ್ಯಾಡಗಿ ಮೆಣಸು. ನಾವು ಅದೇ ಹಾಕುದು. ಬಣ್ಣ ಬೇಕಲ್ಲ ಮಾರಾಯ್ರೆ."

"ಬ್ಯಾಡಗ್ಯಾಗ ಮಾರೋದು ರೀ," ಎಂದ ಅಣ್ಣ. "ಬೆಳೆಯೋದು ನಾವು."

ಯಜಮಾನರು ಮೊದಲ ಸಲ ತಲೆಯೆತ್ತಿ ನೋಡಿದರು. ಅಣ್ಣ ಹೇಳಿದ್ದರಲ್ಲಿ ಹೆಮ್ಮೆಯ ಪಾಲು ಎಷ್ಟೇ ಇರಲಿ, ಸುಳ್ಳಿರಲಿಲ್ಲ. ಹಾವೇರಿ ಜಿಲ್ಲೆಯ ಆ ಪೇಟೆಯ ಹೆಸರನ್ನು ಹೊತ್ತ ಕಾಯಿ, 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದ ಕಾಯಿ, ಸುಕ್ಕು ಸುಕ್ಕಾದ ಮೈ, ಖಾರ ಕಡಿಮೆ, ಬಣ್ಣ ಹೆಚ್ಚು. ಆ ಪೇಟೆಗೆ ಲಾರಿಗಟ್ಟಲೆ ಸರಕು ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಯ ಎರೆಹೊಲಗಳಿಂದ ಹೋಗುತ್ತದೆ, ಆಂಧ್ರದಿಂದಲೂ ಬರುತ್ತದೆ. ಡಬ್ಬಿ, ಕಡ್ಡಿ ಎಂಬ ಹಳೆಯ ತಳಿಗಳ ಜೊತೆಗೆ ಈಗ ನಂಬರಿನ ಬೀಜಗಳೂ ಸೇರಿವೆ. ನಾನು ಇನ್ನೂ ಹಿಂದಕ್ಕೆ ಹೋಗಿ ಯೋಚಿಸಿದೆ: ಈ ಕಾಯಿಯೇ ನಮ್ಮ ದೇಶದ್ದಲ್ಲ. ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದು, ಇದೇ ಪಡುವಣ ಕರಾವಳಿಯಲ್ಲಿ ಇಳಿದು, ಘಟ್ಟ ಹತ್ತಿ ನಮ್ಮ ಹೊಲಕ್ಕೆ ಬಂದಿತು. ಈಗ ನಾವು ಅದನ್ನು ಘಟ್ಟ ಇಳಿಸಿ ಬಂಗುಡೆಯ ಬೆನ್ನಿಗೆ ಹಚ್ಚಲು ಕಳಿಸುತ್ತಿದ್ದೇವೆ. ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: "ಬಿಲ್ಲು ಎಷ್ಟಾತು?" 680 ರೂಪಾಯಿ ಎಂದೆ. ಅವನು ರಸ್ತೆಯುದ್ದಕ್ಕೂ ಏನೋ ಎಣಿಸುತ್ತ ಬಂದು, "ಎರಡು ಮೀನಿಗೆ ಆರು ಕಾಯಿ ಹೋಗಿರಬೇಕು" ಎಂದ. ಆರು ಕಾಯಿಗೆ ತನಗೆ ಎಷ್ಟು ಬಂದೀತೆಂಬುದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ನಸುಕಿನಲ್ಲಿ ದಕ್ಕೆಗೆ ಹೋದೆವು. ದಕ್ಕೆ ಎಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆ. ಅಲ್ಲಿಯ ವಾಸನೆಯನ್ನು ವರ್ಣಿಸಿ ಭಾನುವಾರದ ಬೆಳಗಿನ ಕಾಫಿಯನ್ನು ನಾನು ಕೆಡಿಸುವುದಿಲ್ಲ. ಬುಟ್ಟಿ ಬುಟ್ಟಿಯಾಗಿ ಮೀನು ಇಳಿಯುತ್ತಿತ್ತು, ಮಂಜುಗಡ್ಡೆ ಪುಡಿಯಾಗುತ್ತಿತ್ತು, ಏಲಂ ಕೂಗುವವರ ದನಿಗೆ ಮೀನು ಮಾರುವ ಹೆಂಗಸರ ದನಿ ಎದುರಾಗುತ್ತಿತ್ತು. ತುಳುವಿನ ಒಂದಕ್ಷರವೂ ಬಾರದ ಅಣ್ಣ ಆ ಏಲಂ ಅನ್ನು ಮಾತ್ರ ಸಂಪೂರ್ಣವಾಗಿ ಅರ್ಥ ಮಾಡಿಕೊಂಡ. "ಹಿಡದಾವ ಸುಮ್ಮ ನಿಂತಾನ. ಕೊಳ್ಳಾವ ಕೂಗಾಕತ್ತಾನ. ನಮ್ಮಲ್ಲೂ ಹಿಂಗ."

ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರ ಪಕ್ಕದಲ್ಲಿ ಅವನು ಹೋಗಿ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಇವನ ಕನ್ನಡ ಅವರಿಗೆ, ಅವರ ಕನ್ನಡ ಇವನಿಗೆ, ಅರ್ಧರ್ಧ. ನಾನು ನಡುವೆ ದುಭಾಷಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, 61 ದಿನ ರಜೆ, ಮೀನು ಮರಿ ಮಾಡುವ ಕಾಲ ಎಂದು ಅವರು ಹೇಳಿದರು. ಬೂತಾಯಿಯನ್ನು ನಂಬುವಂತಿಲ್ಲ, ಒಂದು ವರ್ಷ ದೋಣಿ ಮುಳುಗುವಷ್ಟು, ಇನ್ನೊಂದು ವರ್ಷ ಹುಡುಕಿದರೂ ಇಲ್ಲ ಎಂದರು. ಹೆಚ್ಚಾದ ಕಾಲದಲ್ಲಿ ಅದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರಂತೆ. ಇದನ್ನು ಕೇಳಿ ಅಣ್ಣನ ಮುಖ ಅರಳಿತು. ಭೂತಾಯಿ ಭೂತಾಯಿಗೇ ಸೇರುತ್ತಿದ್ದಳೆಂಬುದು ಅವನಿಗೆ ಬಹಳ ಸಮಾಧಾನ ತಂದಿರಬೇಕು.

ಆಮೇಲೆ ಅವರು ರಂಪಣಿಯ ಮಾತು ತೆಗೆದರು. 1970ರ ದಶಕದಲ್ಲಿ ಪರ್ಸೀನ್ ಬಲೆಯ ದೋಣಿಗಳು ಬರುವ ಮುಂಚೆ, ರಂಪಣಿಯೇ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು. ಊರಿಗೆ ಊರೇ ಬಂದು ಹಗ್ಗ ಹಿಡಿಯುತ್ತಿತ್ತಂತೆ.

"ಪಾಲು ಹೆಂಗ ಮಾಡ್ಕೋತಿದ್ರಿ?" ಎಂದು ಅಣ್ಣ ಕೇಳಿದ.

"ಎಳೆದವನಿಗೆ ಪಾಲು," ಎಂದರು ಮುದುಕರು, ಸೂಜಿಯಿಂದ ಕಣ್ಣು ತೆಗೆಯದೆ.

ದುಭಾಷಿಯ ಕೆಲಸ ಆ ಕ್ಷಣ ಬೇಕಾಗಲಿಲ್ಲ. ಅಣ್ಣನಿಗೆ ಅರ್ಥವಾಗಿತ್ತು. ಅವನು ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ಚೆನ್ನಾಗಿತ್ತು. ನಾನು ಎದ್ದು, ದೂರದಲ್ಲಿ ಯಾರೋ ಏಡಿಗಳ ಕಾಲು ಕಟ್ಟುತ್ತಿದ್ದುದನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಆ ದಿನ ತಿಂದದ್ದನ್ನೆಲ್ಲ ಬರೆಯಲು ಹೊರಟರೆ ಸಂಪಾದಕರು ಕತ್ತರಿ ತೆಗೆಯುತ್ತಾರೆ. ಬೆಳಗ್ಗೆ ನೀರುದೋಸೆ, ಬನ್ಸು. ಮಧ್ಯಾಹ್ನ ಬಂಗುಡೆಯ ಪುಳಿಮುಂಚಿ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಇಷ್ಟು ಪ್ರಾಮಾಣಿಕವಾದ ಹೆಸರನ್ನು ನಾನು ಬೇರೆ ಯಾವ ಅಡಿಗೆಗೂ ಕಂಡಿಲ್ಲ. ಮರುವಾಯಿ ಎಂಬ ಚಿಪ್ಪಿನ ಜೀವಿಯ ಸುಕ್ಕವನ್ನು ನಾನು ತಿಂದೆ. ಅಣ್ಣ ಚಿಪ್ಪುಗಳನ್ನು ಎಣಿಸಿ, ಮಾಂಸಕ್ಕಿಂತ ಕಸವೇ ಹೆಚ್ಚೆಂದು ಬಿಟ್ಟ. ಬಿಸಿಲು ತಡೆಯಲಾರದೆ ಐಡಿಯಲ್ ಐಸ್‌ಕ್ರೀಮಿನವರಲ್ಲಿಗೆ ಹೋಗಿ, ಗಡ್‌ಬಡ್ ಎಂಬ ಎತ್ತರದ ಗಾಜಿನ ಲೋಟದ ಪದಾರ್ಥವನ್ನು ತಿಂದೆವು. ಆ ಅಂಗಡಿ 1975ರಲ್ಲಿ ಆರಂಭವಾದದ್ದು. ಗಡ್‌ಬಡ್ಡಿನ ತವರು ಉಡುಪಿಯೆಂದು ವಾದಿಸುವವರೂ ಉಂಟು. ಅಣ್ಣ ಮೊದಲು ತಳದಲ್ಲಿದ್ದ ಹಣ್ಣಿನ ಚೂರುಗಳನ್ನು ಚಮಚದಿಂದ ಅಗೆದು ತೆಗೆದ. ಬೇರಿನಿಂದ ಆರಂಭಿಸುವುದು ಅವನ ಅಭ್ಯಾಸ.

ಆದರೆ ರಾತ್ರಿಯ ಊಟವನ್ನು ಬಿಡಲಾರೆ. ಹಂಪನಕಟ್ಟೆಯ ಆಚೆ ಒಂದು ಚಿಕ್ಕ ಹೋಟೆಲು, ಮನೆಯ ಮುಂದಿನ ಪಡಸಾಲೆಯಂಥದು. ಹಲಗೆಯ ಮೇಲೆ "ಕೋರಿ ರೊಟ್ಟಿ" ಎಂದು ಓದಿದೊಡನೆಯೇ ಅಣ್ಣ, "ಅಬ್ಬಾ, ರೊಟ್ಟಿ ಸಿಕ್ತು" ಎಂದು ಕೂತ. ಕೋರಿ ಎಂದರೆ ಕೋಳಿಯೆಂದು ಹೇಳಿದೆ, ಆಗಲಿ ಎಂದ. ಬಂದದ್ದು ಅಕ್ಕಿಯ, ಕಾಗದಕ್ಕಿಂತ ತುಸುವೇ ದಪ್ಪನಾದ, ಮುಟ್ಟಿದರೆ ಚೂರಾಗುವ ಬಿಳಿಯ ಹಾಳೆಗಳು, ಮೇಲೆ ಕೆಂಪು ಗಸಿ. ಅಣ್ಣ ಅದನ್ನು ಕೈಯಲ್ಲಿ ಹಿಡಿದು ಆ ಮಗ್ಗುಲು ಈ ಮಗ್ಗುಲು ತಿರುಗಿಸಿದ. "ಇದು ರೊಟ್ಟಿ ಅಲ್ಲ ತಮ್ಮಾ. ರೊಟ್ಟಿಯ ಪೊರಿ." ಆಮೇಲೆ ಹೆಗಲಿನ ಗಂಟನ್ನು ಬಿಚ್ಚಿದ.

ಹೋಟೆಲಿನಲ್ಲಿ ಕೂತು ಸ್ವಂತ ಬುತ್ತಿ ಬಿಚ್ಚುವುದು ಎಷ್ಟು ಅಪಮಾನದ ಕೆಲಸವೆಂದು ನಗರವಾಸಿಯಾದ ನನಗೆ ಗೊತ್ತು. ನಾನು ಅವನ ಮೊಣಕೈ ಹಿಡಿದೆ. ಅವನು ಕೊಡವಿಕೊಂಡು, ಕಟಕ ರೊಟ್ಟಿಯನ್ನು ನಾಲ್ಕಾಗಿ ಮುರಿದು, ತಾಟಿನಲ್ಲಿ ಹರಡಿ, ಗಸಿಯನ್ನು ಅದರ ಮೇಲೆ ಸುರಿದುಕೊಂಡ. ಹೋಟೆಲಿನ ಯಜಮಾನಿ ಅಮ್ಮ ಒಳಗಿನಿಂದ ನೋಡಿ ಹೊರಕ್ಕೆ ಬಂದರು. ಬೈಗುಳವನ್ನು ನಿರೀಕ್ಷಿಸಿ ನಾನು ತಲೆ ತಗ್ಗಿಸಿದೆ.

"ಎಂಥದು ಅದು?" ಎಂದರು.

"ಜೋಳದ ರೊಟ್ಟಿ ರೀ ಅಕ್ಕಾರ. ಒಣಗಿಸಿದ್ದು. ತಿಂಗಳಾದ್ರೂ ಕೆಡಂಗಿಲ್ಲ."

"ನಮ್ಮದೂ ಒಣ ರೊಟ್ಟಿಯೇ," ಎಂದು ಅವರು ಕೈ ಚಾಚಿದರು. ಅಣ್ಣ ಒಂದು ಚೂರು ಕೊಟ್ಟ. ಅವರು ಅದನ್ನು ಕಟಕ್ಕೆಂದು ಕಡಿದು, ಕಣ್ಣರಳಿಸಿ, ಒಳಗೆ ಹೋಗಿ ಒಂದು ಬಟ್ಟಲಲ್ಲಿ ಮೀನಿನ ಗಸಿ ತಂದು ಅವನ ತಾಟಿಗೆ ಹುಯ್ದರು. "ಇದಕ್ಕೆ ಇದು ಒಳ್ಳೆದಾಗ್ತದೆ. ಬೂತಾಯಿದು, ಆಯ್ತಾ."

ನಾನು ಅಣ್ಣನ ಮುಖ ನೋಡಿದೆ. ಅವನು ಒಂದು ಗಳಿಗೆ ಕೈ ತಡೆದ. ಆಮೇಲೆ ತಾಟಿನ ಅಂಚಿನಿಂದ ಒಂದು ಚೂರು ರೊಟ್ಟಿಯನ್ನು ಗಸಿಯಲ್ಲಿ ಅದ್ದಿ ಪಕ್ಕಕ್ಕೆ ತೆಗೆದಿಟ್ಟು, ಉಳಿದದ್ದನ್ನು ತಿಂದ. ಬೆರಳು ನೆಕ್ಕಿದ. ಎಂಟು ರೊಟ್ಟಿಗಳನ್ನು ಆ ಅಮ್ಮನಿಗೆ ಕೊಟ್ಟ. ಅವರು ಬಿಲ್ಲಿನಲ್ಲಿ ಗಸಿಯ ಹಣ ಹಿಡಿಯಲಿಲ್ಲ. ನಾವು ಎದ್ದು ಬರುವಾಗ ಅಣ್ಣ ಪಕ್ಕಕ್ಕಿಟ್ಟಿದ್ದ ಆ ಚೂರನ್ನು ಎತ್ತಿಕೊಂಡು, ಹೊರಗೆ ತೆಂಗಿನ ಮರದ ಬುಡದಲ್ಲಿ ಹಾಕಿದ.

ಮೂರನೆಯ ದಿನ ಮಧ್ಯಾಹ್ನ ಬಸ್ಸು. ಬೆಳಗ್ಗೆಯೇ ಸುಲ್ತಾನ್ ಬತ್ತೇರಿಗೆ ಹೋಗಿ, ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಗೋಪುರದ ಪಕ್ಕದಿಂದ ದೋಣಿ ಹತ್ತಿ, ಗುರುಪುರ ಹೊಳೆ ದಾಟಿ ತಣ್ಣೀರುಬಾವಿಗೆ ಹೋದೆವು. ಕಣ್ಣಿಗೆ ಕಾಣುವಷ್ಟೂ ಉಪ್ಪುನೀರಿರುವ ದಂಡೆಗೆ ತಣ್ಣೀರುಬಾವಿ ಎಂಬ ಹೆಸರು! ಗಾಳಿಮರಗಳ ತೋಪು ದಾಟಿದರೆ ಕಡಲು. ಅಣ್ಣ ಪಂಚೆ ಎತ್ತಿ ಕಟ್ಟಿ ಮೊಣಕಾಲ ನೀರಿನಲ್ಲಿ ನಿಂತ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ತೆರೆ ಬಂದಾಗ ಹಿಂದೆ ಸರಿಯಲಿಲ್ಲ. ಹೊಲಕ್ಕೆ ನೀರು ಬಿಟ್ಟವನು ಒಡ್ಡಿನ ಮೇಲೆ ನಿಲ್ಲುವ ಹಾಗೆಯೇ ನಿಂತಿದ್ದ.

ಮಾತು ತೆಗೆಯಬೇಕು. ಎರಡು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ವಾಕ್ಯಗಳನ್ನು ಒಂದೊಂದಾಗಿ ಜೋಡಿಸಿದೆ: ಮಕ್ಕಳು ದೊಡ್ಡವರಾದರು, ಕಾಲ ಬದಲಾಯಿತು, ಮೆಣಸಿನಕಾಯಿಯನ್ನು ನಂಬುವಂತಿಲ್ಲ. ಗಂಟಲು ಸರಿಮಾಡಿಕೊಂಡೆ.

"ಕಾಗದ ತಂದೀಯೇನು?" ಎಂದ ಅಣ್ಣ, ಕಡಲ ಕಡೆಯೇ ಮುಖ ಮಾಡಿ.

ನಾನು ಮಾತಾಡಲಿಲ್ಲ.

"ಹೊಂಟ ದಿನಾನ ಗೊತ್ತಿತ್ತು. ನೀ ರೊಕ್ಕ ಕೊಟ್ಟು ನನ್ನ ಎಂದ ಎಲ್ಲಿಗಿ ಕರಕೊಂಡು ಹೋಗೀದಿ?"

ಇದಕ್ಕೆ ಉತ್ತರವಿರಲಿಲ್ಲ. ಅಕ್ಷರಶಃ ನಿಜ. ಅರವತ್ತೆರಡು ವರ್ಷದ ಅಣ್ಣನನ್ನು ನಾನು ನನ್ನ ಖರ್ಚಿನಿಂದ ಎಲ್ಲಿಗಾದರೂ ಕರೆದೊಯ್ದದ್ದು ಅದೇ ಮೊದಲು.

"ಗೊತ್ತಿದ್ದೂ ಬಂದಿ?" ಎಂದೆ.

"ಕಡ್ಲ ನೋಡಬೇಕಿತ್ತಲ್ಲ." ತೆರೆ ಬಂತು, ಹೋಯಿತು. "ಮಾರಬ್ಯಾಡ ಅನ್ನಂಗಿಲ್ಲ. ನಿನ್ನ ಮನಿ ಬಿಸಲಾಗ ನಿಂತೈತಿ, ಅದನ್ನೂ ನೋಡೀನಿ. ಬಾವಿ ಮಗ್ಗಲ ಎರಡು ಎಕರೆ ನನಗ ಬಿಡು. ಚೀಲ ಕೋಲ್ಡ್ ಸ್ಟೋರೇಜಿನ್ಯಾಗ ಅದಾವ. ಅವು ಹೋದ ಮ್ಯಾಲ ಅರ್ಧ ರೊಕ್ಕ, ಮುಂದಿನ ಬೆಳಿಗೆ ಅರ್ಧ. ಉಳಿದ ಎರಡೂವರಿ ಮಾರ್ಕೋ. ಗಿರಾಕಿ ಎಕರೆಗೆ ಎಷ್ಟಂತಾನೋ ಅಷ್ಟ ನಾನೂ ಕೊಡ್ತೀನಿ. ತಮ್ಮ ಅಂತ ಕಡಿಮಿ ಕೇಳಂಗಿಲ್ಲ."

ನಾನು ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಕಡಿಮೆ ಕೇಳಿದ್ದರೆ ವಾದಿಸಬಹುದಿತ್ತು. ಕೊಡುವುದೇ ಇಲ್ಲವೆಂದಿದ್ದರೆ ಸಿಟ್ಟಾಗಬಹುದಿತ್ತು. ಎರಡಕ್ಕೂ ಅವನು ಜಾಗ ಬಿಡಲಿಲ್ಲ. "ಬಾವಿಯ ಮಗ್ಗುಲಿನದಕ್ಕೆ ಹಣ ಬೇಡ" ಎಂದು ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಹೇಳಿದೆನೆಂದು ಬರೆದರೆ ಈ ಬರಹಕ್ಕೆ ಶೋಭೆ, ಆದರೆ ಹೇಳಲಿಲ್ಲ. ಸ್ಲಾಬಿನ ಲೆಕ್ಕ ನೆನಪಿಗೆ ಬಂತು. "ಆಗಲಿ" ಎಂದೆ.

ಊರಿಗೆ ಒಯ್ಯಲು ಅಣ್ಣ ಒಣಮೀನು ಕೊಂಡ. ಅದನ್ನು ಕಟ್ಟಿದ್ದು ತನ್ನ ರೊಟ್ಟಿಯ ಬಟ್ಟೆಯಲ್ಲಿಯೇ. ಬಸ್ಸಿನಲ್ಲಿ ಕಂಡಕ್ಟರು ಮೂಗು ಎಳೆದು, ಯಾರದೆಂದು ಕೇಳಿ, ಅದನ್ನು ಸೀಟಿನ ಮೇಲಿಡಬಾರದೆಂದು ಅಪ್ಪಣೆ ಮಾಡಿದ. ಅಣ್ಣ ಗಂಟನ್ನು ಎತ್ತಿ ಕೆಳಗಿದ್ದ ನನ್ನ ಚೀಲದೊಳಗೆ ತುರುಕಿ, ಅದರ ಮೇಲೆ ಕಾಲಿಟ್ಟುಕೊಂಡು ಘಟ್ಟ ಹತ್ತುವ ಮುಂಚೆಯೇ ಗೊರಕೆ ಹೊಡೆಯತೊಡಗಿದ.

ಮುಂದಿನ ತಿಂಗಳು ದೇವದುರ್ಗದಲ್ಲಿ ಕಾಗದ ಬರೆಯುವವನ ಮೇಜಿನ ಮುಂದೆ ನಾವಿಬ್ಬರೂ ಕೂತೆವು. ಹಳೆಯ ಕರಡನ್ನು ತೆಗೆದುಕೊಟ್ಟೆ. ಆತ ಅದನ್ನು ಬಿಡಿಸಿ, ಓದಲು ಮುಖದ ಹತ್ತಿರ ಹಿಡಿದವನು, ಥಟ್ಟನೆ ದೂರ ಹಿಡಿದು, ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದ.

"ಇದೇನ್ರಿ ವಾಸನಿ?"

"ಬಂಗುಡಿ," ಎಂದ ಅಣ್ಣ. "ನೀವು ಬರೀರಿ."